ಹೈದರ್ ಸಾಹೇಬರ ಎಂಟು ದೀಪಗಳು

ಆ ದಿನದ ರಾದ್ಧಾಂತಕ್ಕೆಲ್ಲ ಕಾರಣ ಬೀಗಿತ್ತಿಯಾಗಲಿದ್ದ ಬಶೀರುನ್ನೀಸಾ ಫೋನಿನಲ್ಲಿ ಆಡಿದ ಒಂದೇ ಒಂದು ಮಾತು.

"ಮನೆ ಚೆನ್ನಾಗಿದೆ ಹೈದರ್ ಭಾಯ್. ಆದ್ರೆ ಸಂಜೆ ಆದ್ರೆ ಕಾಡಲ್ಲಿದ್ದ ಹಾಗಿರುತ್ತೆ. ಭಾನುವಾರ ನಾವು ಬಂದಾಗ ಬಾಗಿಲು ಎಲ್ಲಿದೆ ಅಂತ ಹುಡುಕೋ ಹಾಗೆ ಮಾಡ್ಬೇಡಿ."

ದೇವನಹಳ್ಳಿಯ ಆಕೆ ನಗುತ್ತಲೇ ಹೇಳಿದ್ದರು. ಹೈದರ್ ಸಾಹೇಬರು ಮಾತ್ರ ಮೂರು ದಿನ ನಗಲಿಲ್ಲ. ಹೊಸಕೋಟೆಯ ಬಾಡಿಗೆ ಮನೆಯಲ್ಲಿ ಅರ್ಧ ಆಯಸ್ಸು ಕಳೆದು, ನಂದಗುಡಿಯ ಹೊರಗೆ ಸ್ವಂತ ಸೂರು ಮಾಡಿಕೊಂಡ ಮನುಷ್ಯ. ಅದನ್ನು ಕಾಡು ಅಂದರೆ ಯಾರಿಗೆ ತಾನೇ ಹೊಟ್ಟೆ ಉರಿಯುವುದಿಲ್ಲ? ಅದೂ ಮಗಳು ಆಯೇಷಾಳ ಮದುವೆಗೆ ಎರಡೇ ತಿಂಗಳಿರುವಾಗ.

ಉಪಾಯ ಹೊಳೆದದ್ದು ಎದುರಿಗಿದ್ದ ಬೈರಣ್ಣನ ಹೊಲ ನೋಡಿ. ಮಣ್ಣು ರಸ್ತೆಯ ಆಚೆ ಒಂದು ಎಕರೆ ಸೇವಂತಿಗೆ. ಅದರ ಮೇಲೆ ಈಚೆಗಷ್ಟೇ ಕಟ್ಟಿದ ಸಾಲು ಸಾಲು ಬಲ್ಬು. ಸಂಜೆಯಾದರೆ ಉರುಸಿನ ಬೀದಿಯಂತೆ ಝಗಝಗ. ಕಳ್ಳರ ಭಯಕ್ಕೋ, ಚೆಂದಕ್ಕೋ, ಹೈದರ್ ಸಾಹೇಬರು ಯಾವತ್ತೂ ಕೇಳಿರಲಿಲ್ಲ. ಒಬ್ಬ ರೈತ ಹೊಲಕ್ಕೆ ಅಷ್ಟು ಬಲ್ಬು ಕಟ್ಟಿಕೊಂಡಿರುವಾಗ ತಾನು ಕೈತೋಟಕ್ಕೆ ಎಂಟು ಹಾಕಲಾರೆನೇ? ಶನಿವಾರವೇ ಹೊಸಕೋಟೆಯಿಂದ ಎಂಟು ತೋಟದ ದೀಪ, ಒಂದು ಸುತ್ತು ವೈರು ಬಂದವು.

"ಆಂಜಿನಪ್ಪನ್ನ ಕರೀರಿ," ಅಂದರು ಹೆಂಡತಿ ರುಕ್ಸಾನಾ. ಊರಿನ ಮನೆಗಳಿಗೆಲ್ಲ ವೈರಿಂಗ್ ಮಾಡಿದವನು ಆಂಜಿನಪ್ಪ.

"ಆಂಜಿನಪ್ಪ ಯಾಕೆ? ಇಪ್ಪತ್ತೆರಡು ವರ್ಷದಿಂದ ನಾನೇನು ಫ್ಯಾಕ್ಟರೀಲಿ ಕಡಲೆಕಾಯಿ ಮಾರ್ತಿದ್ದೀನಾ?"

ಫ್ಯಾಕ್ಟರಿಯಲ್ಲಿ ಅವರು ಸ್ಟೋರ್‌ಕೀಪರು. ವೈರು, ಸ್ವಿಚ್ಚು, ಹೋಲ್ಡರುಗಳನ್ನು ಎಣಿಸಿ ಎಣಿಸಿ ಕೊಟ್ಟ ಕೈ ಅದು. ಆದರೆ ಒಂದು ವೈರನ್ನು ಇನ್ನೊಂದಕ್ಕೆ ಜೋಡಿಸಿದ ಕೈಯಲ್ಲ.

ರುಕ್ಸಾನಾ ವಾದಕ್ಕಿಳಿಯಲಿಲ್ಲ. "ಏನಾದ್ರೂ ಮಾಡ್ಕೊಳ್ಳಿ, ನನ್ನ ಗಿಡಕ್ಕೆ ಮಾತ್ರ ಏನೂ ಆಗಬಾರ್ದು," ಅಂದರು. ಅಂಗಳದಲ್ಲಿ ಅವರು ನಲವತ್ತು ಸೇವಂತಿಗೆ ಗಿಡ ಬೆಳೆಸಿದ್ದರು. ಸಸಿ ಕೊಟ್ಟವನು ಬೈರಣ್ಣನೇ. ಮದುವೆಯ ದಿನ ಅಳಿಯನ ಮುಖಕ್ಕೆ ಕಟ್ಟುವ ಸೆಹ್ರಾವನ್ನು ತನ್ನ ಮನೆಯ ಹೂವಿನಲ್ಲೇ ಕಟ್ಟಬೇಕು, ಅಂಗಡಿಯ ಒಂದು ಎಸಳೂ ಬೇಡ ಎಂಬುದು ಅವರ ಆಸೆ. ಗಿಡಗಳು ಮೊಣಕಾಲೆತ್ತರ ಬಂದಿದ್ದವು, ಮೊಗ್ಗು ಇನ್ನೂ ಕಟ್ಟಿರಲಿಲ್ಲ.

ಭಾನುವಾರ ಬೆಳಿಗ್ಗೆ ಹೈದರ್ ಸಾಹೇಬರು ಲುಂಗಿ ಎತ್ತಿ ಕಟ್ಟಿ, ಗುದ್ದಲಿ ಹಿಡಿದು ಇಳಿದರು. ಅದನ್ನೇ ಕಾಯುತ್ತಿದ್ದವರಂತೆ ಪಕ್ಕದ ಮನೆಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಭಾನುಪ್ರಕಾಶ್ ಕಾಂಪೌಂಡಿನ ಈಚೆ ಕುರ್ಚಿ ತಂದು ಹಾಕಿಕೊಂಡರು. ಕೈಯಲ್ಲಿ ಮೊಬೈಲು, ಅದರಲ್ಲಿ ತೋಟಕ್ಕೆ ದೀಪ ಹಾಕುವುದನ್ನು ಕಲಿಸುವವನೊಬ್ಬನ ವಿಡಿಯೊ.

"ಇಲ್ನೋಡಿ, ಹತ್ತೇ ನಿಮಿಷದ ಕೆಲಸ ಅಂತ ತೋರಿಸ್ತಿದ್ದಾನೆ. ಎಡಗಡೆ ಅಗೀರಿ ಹೈದರ್."

ಎಡಗಡೆ ಅಗೆದರು. ಮೂರನೇ ಏಟಿಗೆ ನೀರಿನ ಪೈಪು ಒಡೆದು ಕಾರಂಜಿ ಚಿಮ್ಮಿತು. ಮೇಷ್ಟ್ರು ಕುರ್ಚಿಯನ್ನು ಎರಡಡಿ ಹಿಂದಕ್ಕೆ ಎಳೆದುಕೊಂಡು, "ಓ, ಅವನ ಎಡ, ನಮ್ಮ ಬಲ," ಅಂದರು.

ಪೈಪಿಗೆ ಹಳೇ ಸೈಕಲ್ ಟ್ಯೂಬು ಸುತ್ತಿ ಮುಗಿಸುವಾಗ ಹನ್ನೊಂದಾಯಿತು. ಆಂಜಿನಪ್ಪ ದಾರಿಯಲ್ಲಿ ಬೈಕು ನಿಲ್ಲಿಸಿದ.

"ಸಾಹೇಬ್ರೆ, ಒದ್ದೆ ಮಣ್ಣಲ್ಲಿ ಕರೆಂಟ್ ಕೆಲಸ ಹುಡುಗಾಟ ಅಲ್ಲ. ಒಂದರ್ಧ ಗಂಟೆ ಬಿಡಿ, ನಾನು ಮಾಡ್ಕೊಡ್ತೀನಿ."

"ಒಂದು ಸ್ಕ್ರೂ ಕೂಡ ನೀನು ಮುಟ್ಟಕೂಡದು ಆಂಜಿನಪ್ಪ. ಸಂಜೆ ಊಟಕ್ಕೆ ಬಾ. ಬಂದು ನೋಡು, ಅಷ್ಟೇ."

"ಆಯ್ತು, ಬರ್ತೀನಿ. ಮೇನ್ ಆಫ್ ಮಾಡ್ಕೊಂಡು ಮಾಡಿ, ಅಷ್ಟಾದ್ರೂ ಕೇಳಿ," ಎಂದು ಆಂಜಿನಪ್ಪ ನಗುತ್ತಾ ಹೋದ.

ಆ ಮಾತೊಂದನ್ನು ಸಾಹೇಬರು ಕೇಳಿದರು. ಎಷ್ಟರಮಟ್ಟಿಗೆ ಎಂದರೆ, ಮನೆಯಲ್ಲಿ ಯಾರಿಗೂ ಹೇಳದೆ ಮೇನ್ ಆಫ್ ಮಾಡಿದರು. ಒಳಗೆ ಬಿರಿಯಾನಿಯ ಮಸಾಲೆ ರುಬ್ಬುತ್ತಿದ್ದ ಮಿಕ್ಸಿ ನಿಂತಿತು. ಮೇಲಿನ ಕೋಣೆಯಲ್ಲಿ ಸಂಜೆಯ ಬಟ್ಟೆ ಇಸ್ತ್ರಿ ಮಾಡುತ್ತಿದ್ದ ಆಯೇಷಾ "ಅಬ್ಬಾ!" ಎಂದು ಕೂಗಿದಳು. ಮುಚ್ಚಳ ತೆಗೆದು ಮಿಕ್ಸಿಯೊಳಗೆ ರುಕ್ಸಾನಾ ಚಮಚ ಬಿಟ್ಟು ನೋಡುವುದಕ್ಕೂ, ಹೊರಗೆ ಸಾಹೇಬರು ವೈರು ಜೋಡಿಸಿ "ಈಗ ನೋಡೋಣ" ಎಂದು ಮೇನ್ ಹಾಕುವುದಕ್ಕೂ ಸರಿಹೋಯಿತು. ಅರ್ಧ ಮಸಾಲೆ ಗೋಡೆಯ ಪಾಲಾಯಿತು.

ಅಷ್ಟಾದರೂ ದೀಪ ಹತ್ತಲಿಲ್ಲ. ಟಪ್ ಎಂದು ಮೇನ್ ತಾನೇ ಬಿತ್ತು. ಮತ್ತೆ ಎತ್ತಿದರು, ಮತ್ತೆ ಟಪ್. ಮಧ್ಯಾಹ್ನದವರೆಗೆ ಮನೆಯೊಳಗಿನಿಂದ ಬಂದ ಬೈಗುಳ ಬರೆಯುವಂಥದ್ದಲ್ಲ. ಕೊನೆಗೆ ಮಸಾಲೆಯನ್ನು ಒರಳಿನಲ್ಲಿ ರುಬ್ಬಿದ್ದಾಯಿತು.

"ಜಾಯಿಂಟಿಗೆ ನೀರು ಹೋಗ್ತಿದೆ," ಎಂದರು ಮೇಷ್ಟ್ರು. "ನೆಲದಲ್ಲಿ ಜಾಯಿಂಟೇ ಬೇಡ. ಸೀದಾ ಮೇನ್ ಬೋರ್ಡಿಗೇ ಕೊಡಿ. ಮೇಲೆ ಸಿಮೆಂಟ್ ಮೆತ್ತಿಬಿಡಿ, ನೂರು ವರ್ಷ ಅಲ್ಲಾಡಲ್ಲ."

ಆ ದಿನ ಅವರು ಹೇಳಿದ ಮಾತುಗಳಲ್ಲಿ ಫಲಿಸಿದ್ದು ಇದೊಂದೇ. ಮನೆ ಕಟ್ಟಿದಾಗ ಉಳಿದ ಅರ್ಧ ಚೀಲ ಸಿಮೆಂಟಿತ್ತು. ಸಾಹೇಬರು ವೈರನ್ನು ಮೇನ್ ಬೋರ್ಡಿನೊಳಗೆ ಜೋಡಿಸಿ, ಸುತ್ತ ರೊಟ್ಟಿ ತಟ್ಟಿದಂತೆ ಸಿಮೆಂಟು ತಟ್ಟಿದರು. ಹೆಬ್ಬೆರಳಿಗೆ ಸುತ್ತಿಗೆ ಏಟು ಬಿದ್ದದ್ದನ್ನು ಯಾರಿಗೂ ಹೇಳದೆ ಬಟ್ಟೆ ಸುತ್ತಿಕೊಂಡರು.

ಸಂಜೆ ಆರೂಕಾಲಕ್ಕೆ ಉಸಿರು ಬಿಗಿಹಿಡಿದು ಮೇನ್ ಎತ್ತಿದರು. ಎಂಟೂ ದೀಪ ಒಟ್ಟಿಗೇ ಹತ್ತಿದವು!

ಸೇವಂತಿಗೆ ಗಿಡಗಳ ನಡುವೆ ಹೊಂಬಣ್ಣದ ಬೆಳಕು ಹರಡಿತು. ಅಂಗಳ ನಿಜಕ್ಕೂ ಚೆಂದ ಕಂಡಿತು. ಬೆಳಿಗ್ಗೆಯಿಂದ ಗಂಟಿಕ್ಕಿದ್ದ ರುಕ್ಸಾನಾ ಮುಖ ಕೂಡ ಸಡಿಲವಾಯಿತು. "ಪರವಾಗಿಲ್ಲ ರೀ. ಮದುವೆ ಮುಗಿಯೋವರೆಗೂ ದಿನಾ ರಾತ್ರಿ ಹೀಗೇ ಉರೀಲಿ," ಅಂದರು. ಆಯೇಷಾ ಫೋಟೋ ತೆಗೆದಳು. ಬಿಳಿ ಅಂಗಿ ತೊಟ್ಟು ಊಟಕ್ಕೆ ಬಂದ ಆಂಜಿನಪ್ಪ ಸುಮ್ಮನೆ ತಲೆದೂಗಿದ. ಸಾಹೇಬರಿಗೆ ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಸಿಗದ ಬಡ್ತಿ ಆ ಗಳಿಗೆಯಲ್ಲಿ ಸಿಕ್ಕಿತು.

ಬೆಳಗಿನ ಜಾವ ಹೂವಿನ ಮಂಡಿಗೆ ಹೋಗಿದ್ದ ಬೈರಣ್ಣ ಆಗಷ್ಟೇ ಊರು ಸೇರಿದ್ದ. ಅವನಿಗೂ ಊಟಕ್ಕೆ ಹೇಳಿತ್ತು. ಗೇಟಿನಲ್ಲೇ ಗಕ್ಕನೆ ನಿಂತ.

"ಸಾಬ್ರೇ, ಗಿಡದ ಮೇಲೆ ಯಾರಿಗ್ ಸಿಟ್ಟು?"

"ಸಿಟ್ಟಾ? ನಿನ್ನ ಹೊಲ ನೋಡಿಯೇ ಹಾಕಿದ್ದಪ್ಪಾ!"

"ಅಯ್ಯೋ, ನಾನು ಬಲ್ಬು ಕಟ್ಟೋದೇ ಹೂವು ಬಿಡಬಾರ್ದು ಅಂತ! ಸೇವಂತಿಗೆ ರಾತ್ರಿ ಕತ್ತಲು ಕಂಡ್ರೇನೇ ಮೊಗ್ಗು ಕಟ್ಟೋದು. ಬೆಳಕು ಕೊಟ್ರೆ ಇನ್ನೂ ಹಗಲೇ ಅಂದ್ಕೊಂಡು ಬರೀ ಎಲೆ ಬಿಡ್ತದೆ. ನನ್ನ ಹೂವು ಸಂಕ್ರಾಂತಿಗೆ ಬೇಕು, ಅದಕ್ಕೇ ತಡೀತಿದ್ದೀನಿ. ನಿಮ್ಮದು ಮದುವೆಗಲ್ವಾ?"

ರುಕ್ಸಾನಾ ನಿಧಾನವಾಗಿ ಗಂಡನ ಕಡೆ ತಿರುಗಿದರು.

"ಒಂದು ರಾತ್ರಿಗೇನೂ ಆಗಲ್ಲ ಬಿಡಮ್ಮಾ," ಎಂದ ಬೈರಣ್ಣ ಗಾಬರಿಯಾಗಿ.

"ಒಂದು ನಿಮಿಷವೂ ಬೇಡ. ಆರಿಸ್ರೀ."

ಹೈದರ್ ಸಾಹೇಬರು ಕದಲಲಿಲ್ಲ. "ಸ್ವಿಚ್ ಎಲ್ಲಿ?" ಎಂದಳು ಆಯೇಷಾ. ಫ್ಯಾಕ್ಟರಿಯಲ್ಲಿ ಲಕ್ಷ ಸ್ವಿಚ್ಚು ಎಣಿಸಿಕೊಟ್ಟ ಮಹಾನುಭಾವರು ತಮ್ಮ ತೋಟಕ್ಕೆ ಒಂದು ಸ್ವಿಚ್ಚು ಹಾಕುವುದನ್ನು ಮರೆತಿದ್ದರು.

ಆಂಜಿನಪ್ಪ ಬೋರ್ಡನ್ನು ಬೆರಳಿನಿಂದ ತಟ್ಟಿ ನೋಡಿದ. ಸಿಮೆಂಟು ಆಗಲೇ ಬಿಗಿಯಾಗಿತ್ತು. "ಇದನ್ನ ಉಳಿಯಲ್ಲೇ ಒಡೀಬೇಕು. ಕತ್ತಲಲ್ಲಿ, ಒದ್ದೆ ನೆಲದಲ್ಲಿ ನಾನು ವೈರು ಮುಟ್ಟಲ್ಲ ಸಾಹೇಬ್ರೆ. ಬೆಳಿಗ್ಗೆ ಏಳಕ್ಕೆ ಬರ್ತೀನಿ. ಅಲ್ಲೀವರೆಗೆ ಮೇನ್ ಒಂದೇ ದಾರಿ."

ರುಕ್ಸಾನಾ ತಾವೇ ಹೋಗಿ ಮೇನ್ ಎಳೆದರು. ಎಂಟು ದೀಪದ ಜೊತೆ ಇಡೀ ಮನೆ ಆರಿತು. ಅದೇ ಹೊತ್ತಿಗೆ ಗೇಟಿನ ಮುಂದೆ ಕಾರು ಬಂದು ನಿಂತಿತು. ಬಶೀರುನ್ನೀಸಾ ಮತ್ತು ಮದುವೆಯ ಗಂಡಾದ ಅವರ ಮಗ ಉಮರ್ ಇಳಿದು ಕತ್ತಲಲ್ಲಿ ಬಾಗಿಲು ಹುಡುಕತೊಡಗಿದರು.

ಹೈದರ್ ಸಾಹೇಬರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಭೂಮಿಯನ್ನು ಬೆಳಿಗ್ಗೆಯಿಂದ ಅವರು ಅಗೆದ ರೀತಿಗೆ ಅದು ಅವರ ಮೇಲೆ ಮುನಿಸಿಕೊಂಡಿರಬೇಕು.

ಮಾನ ಉಳಿಸಿದವಳು ಆಯೇಷಾ. "ಅಮ್ಮೀ, ಕುರ್ಚಿ ಎಲ್ಲ ರಸ್ತೆಯಾಚೆ ಹಾಕೋಣ, ಬೈರಣ್ಣನ ಹೊಲದ ಬದಿಗೆ," ಎಂದಳು. ಎಲ್ಲರೂ ಕೈಹಚ್ಚಿದರು. ಬೈರಣ್ಣ ಟಾರ್ಪಾಲು ಹಾಸಿದ, ಆಂಜಿನಪ್ಪ ಬಿಳಿ ಅಂಗಿಯಲ್ಲೇ ಬಿರಿಯಾನಿ ಹಂಡೆ ಹೊತ್ತ. ನೂರಾರು ಬಲ್ಬಿನ ಕೆಳಗೆ, ಹಸಿರು ಸೇವಂತಿಗೆಯ ಪಕ್ಕ, ತಣ್ಣನೆ ಗಾಳಿಯಲ್ಲಿ ಊಟ ಸಾಗಿತು. ಒರಳಿನ ಮಸಾಲೆಯ ಬಿರಿಯಾನಿಯನ್ನು ಬಶೀರುನ್ನೀಸಾ ಎರಡು ಸಲ ಹಾಕಿಸಿಕೊಂಡರು.

"ಹೈದರ್ ಭಾಯ್," ಎಂದರು ಕೈ ತೊಳೆದು, "ಕಾಡು ಅಂದಿದ್ದೆ, ಮಾತು ವಾಪಸ್ ತಗೊಂಡೆ. ಮದುವೆಗೆ ಯಾವ ಶಾದಿ ಮಹಲೂ ಬೇಡ. ಊಟ ಇಲ್ಲೇ ಆಗ್ಲಿ, ಇದೇ ಬೆಳಕಲ್ಲಿ. ನೀವೇ ಕೂತು ದೀಪ ಹಾಕ್ತಿದ್ದೀರಿ ಅಂತ ರುಕ್ಸಾನಾ ಬೆಳಿಗ್ಗೆ ಫೋನಲ್ಲಿ ಹೇಳಿದ್ರು. ಇಷ್ಟೊಂದು ಅಂತ ಗೊತ್ತಿರ್ಲಿಲ್ಲ!"

"ಇಲ್ಲ, ಇದು..." ಎಂದು ಸಾಹೇಬರು ಬಾಯಿ ತೆರೆದರು.

"ನಾನೇ ಸಾಕ್ಷಿ," ಎಂದರು ಮೇಷ್ಟ್ರು ಮೂಳೆ ಚೀಪುತ್ತಾ. "ಬೆಳಿಗ್ಗೆಯಿಂದ ಒಬ್ಬರೇ ದುಡಿದಿದ್ದಾರೆ."

"ಹಾಗಾದ್ರೆ ಹೈದರ್ ಭಾಯ್, ಮದುವೆ ದಿನದ ದೀಪವೆಲ್ಲ ನಿಮ್ಮದೇ ಜವಾಬ್ದಾರಿ. ಬೇರೆ ಯಾರೂ ಮುಟ್ಟಕೂಡದು."

ಬೈರಣ್ಣ ಉತ್ಸಾಹದಿಂದ ಹತ್ತಿರ ಸರಿದ. "ಅಷ್ಟೊತ್ತಿಗೆ ನನ್ನ ಕೆಲಸ ಮುಗಿದು ಎಲ್ಲ ಬಿಚ್ಚಿರ್ತೀನಿ ಸಾಬ್ರೇ. ನಾನೂರೈವತ್ತು ಬಲ್ಬು. ಪೂರ್ತಿ ನೀವೇ ತಗೊಂಡು ಕಟ್ಕೊಳ್ಳಿ!"

ಹೈದರ್ ಸಾಹೇಬರು ಹೆಬ್ಬೆರಳಿನ ಬಟ್ಟೆಯನ್ನು ನೋಡಿಕೊಂಡರು. ಆಯೇಷಾ ದುಪಟ್ಟಾ ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ಬೆಳಿಗ್ಗೆಯಿಂದ ಬೈದ ರುಕ್ಸಾನಾ ಕೂಡ ಈಗ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಆ ನಗು ಕಂಡು ಸಾಹೇಬರಿಗೆ ನಿಜ ಹೇಳುವ ಮನಸ್ಸಾಗಲಿಲ್ಲ. ರಸ್ತೆಯಾಚೆ ಅವರ ಮನೆ ಕತ್ತಲಲ್ಲಿ ತಣ್ಣಗಿತ್ತು. ನಲವತ್ತು ಗಿಡಗಳು ಇನ್ನು ಮೊಗ್ಗು ಕಟ್ಟುವ ಯೋಚನೆ ಮಾಡಬಹುದಾಗಿತ್ತು.

ಆಂಜಿನಪ್ಪ ಪಾಯಸದ ಬಟ್ಟಲು ಅವರ ಕೈಗಿಟ್ಟು, ಕಿವಿಯ ಹತ್ತಿರ ಬಗ್ಗಿದ.

"ಈ ಸಲ ಸ್ವಿಚ್ಚೊಂದು ಮರೀಬೇಡಿ ಸಾಹೇಬ್ರೆ."