‘ನಾನು’ ಎಂದರೆ ತೆರೆಯದ ಬಾಗಿಲು

ನಮ್ಮ ಚಿಕ್ಕಪ್ಪನ ಮನೆಯ ಬೆಲ್ ಒತ್ತಿ, ಒಳಗಿನಿಂದ “ಯಾರು?” ಎಂದು ಕೇಳಿದಾಗ “ನಾನು” ಎಂದಷ್ಟೇ ಹೇಳಿ ಒಳಗೆ ಹೋದ ಮನುಷ್ಯ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ದೇವರೇ ಬಂದರೂ ಹೆಸರು, ಊರು, ಬಂದ ಕೆಲಸ ಹೇಳಿಯೇ ಚಪ್ಪಲಿ ಬಿಡಬೇಕು!

ಶಕ್ತಿನಗರದಲ್ಲಿ ಒಂದೇ ಮನೆಯ ಕೆಳಗೆ ನಾನು ಮತ್ತು ಅಮ್ಮ, ಮೇಲೆ ಚಿಕ್ಕಪ್ಪ. ಅಂದರೆ ತೀರಿಕೊಂಡ ಅಪ್ಪನ ತಮ್ಮ. ಮದುವೆಯ ಗೋಜಿಗೆ ಹೋಗದವರು. ಹೊರಗಿನ ಮೆಟ್ಟಿಲು ಹತ್ತಿ ಅಮ್ಮ ಮಾಡಿದ ಬಂಗುಡೆ ಮೀನಿನ ಸಾರು ಅವರಿಗೆ ತಲುಪಿಸುವುದು ನನ್ನ ಕೆಲಸ.

“ಯಾರು?”

“ನಾನು, ಚಿಕ್ಕಪ್ಪ.”

“ಎಲ್ಲರೂ ‘ನಾನು’ವೇ. ಹೆಸರು ಹೇಳು.”

“ಬಿಸಿ ಉಂಟು, ಕೈ ಸುಡ್ತದೆ!”

“ಸಾರಿನ ವಿಷಯ ಕೇಳಿದ್ದಲ್ಲ ಮಾರಾಯ. ನಿನ್ನ ಹೆಸರು.”

ಹುಟ್ಟಿದಾಗ ನನಗೆ ಆ ಹೆಸರಿಟ್ಟವರೂ ಅವರೇ ಎಂಬುದನ್ನು ಇಲ್ಲಿ ಹೇಳಬೇಕೇ?

ಈ ಹಟ ಎಲ್ಲಿಂದ ಬಂತು? ಕೇಳಿದಾಗಲೆಲ್ಲ ಬೇರೆ ಉತ್ತರ. ನಾವು ಕಡಲಿನ ಜನ; ಚಿಕ್ಕಪ್ಪ ಪ್ರಾಯದಲ್ಲಿ ಬೋಟುಗಳ ವಯರ್‌ಲೆಸ್ ಸೆಟ್ ರಿಪೇರಿ ಮಾಡುತ್ತಿದ್ದರು. ಒಮ್ಮೆ ಬಿರುಗಾಳಿಯ ಹೊತ್ತಿಗೆ ಸೆಟ್ಟಿನಲ್ಲಿ ಯಾರೋ “ನಾನು, ನಾನು ಇಲ್ಲಿದ್ದೇನೆ” ಎಂದು ಕೂಗಿದನಂತೆ, ಬೋಟಿನ ಹೆಸರನ್ನೇ ಹೇಳಲಿಲ್ಲವಂತೆ, ದಡದಲ್ಲಿದ್ದವರು ಯಾರನ್ನು ಹುಡುಕುವುದು? ಇದು ಒಂದು ಕಥೆ. ಇನ್ನೊಂದರ ಪ್ರಕಾರ ಮಾರಾಟದವನೊಬ್ಬ “ನಾನು” ಎಂದು ಬಾಗಿಲು ತೆರೆಸಿ ಬೇಡದ ಪ್ರೆಶರ್ ಕುಕ್ಕರನ್ನು ಇವರ ತಲೆಗೆ ಕಟ್ಟಿ ಹೋದ. ಮೊದಲನೆಯ ಕಥೆಗೆ ನನ್ನ ನೆನಪು ಮಿಂಚು, ಗುಡುಗು ಎಲ್ಲ ಸೇರಿಸಿ ಬೆಳೆಸಿಬಿಟ್ಟಿದೆ. ಹಾಗಾಗಿ ಅದನ್ನು ನಾನೇ ನಂಬುವುದಿಲ್ಲ. ಕುಕ್ಕರ್ ಮಾತ್ರ ಇದೆ. ಕಣ್ಣಾರೆ ನೋಡಿದ್ದೇನೆ. ಅದರಲ್ಲಿ ಸ್ಕ್ರೂ ತುಂಬಿಸಿಟ್ಟಿದ್ದಾರೆ.

ಇಂಥವರ ಕೈಗೆ ಒಂದು ಕಂಪೆನಿಯ ಲಾಗಿನ್ ಕೊಟ್ಟರೆ ಏನಾದೀತು!

ಕೊಟ್ಟರು. ಬೈಕಂಪಾಡಿಯಲ್ಲಿ ಒಂದು ಐಸ್ ಪ್ಲಾಂಟ್. ಬೋಟುಗಳಿಗೆ, ಮೀನಿನ ಲಾರಿಗಳಿಗೆ ಮಂಜುಗಡ್ಡೆ ಮಾಡಿ ಮಾರುವ ಜಾಗ. ವಯರ್‌ಲೆಸ್ಸಿನಿಂದ ಕಂಪ್ಯೂಟರಿಗೆ ದಾಟಿದ ಚಿಕ್ಕಪ್ಪ ಅಲ್ಲಿನ ಯಂತ್ರಗಳನ್ನು ನೋಡಿಕೊಳ್ಳುವವರು. ಅಮ್ಮ ಅಲ್ಲಿ ಬಿಲ್ಲಿಂಗ್ ಕೌಂಟರಿನಲ್ಲಿ ಕೂರುವವಳು. ಅಪ್ಪ ಹೋದ ಮೇಲೆ ಆ ಕೆಲಸ ಕೊಡಿಸಿದವರೂ ಚಿಕ್ಕಪ್ಪನೇ. ಧಣಿಗಳು ಒಂದು ವರ್ಷ ಎಲ್ಲ ವ್ಯವಹಾರವನ್ನೂ ಬ್ರೌಸರಿನಲ್ಲಿ ತೆರೆಯುವ ಹೊಸ ಆ್ಯಪಿಗೆ ಹಾಕಿಸಿದರು. ಯಾರು ಒಳಗೆ ಬರಬಹುದು, ಯಾರು ಬಿಲ್ ಮಾಡಬಹುದು, ಯಾರು ನೋಡಬಹುದು ಮಾತ್ರ: ಈ ಏರ್ಪಾಡು ಚಿಕ್ಕಪ್ಪನ ಪಾಲಿಗೆ.

“ಮಳೆಗಾಲದ ರಜೆ ಮುಗಿದು ಬೋಟು ಕಡಲಿಗೆ ಇಳಿಯುವ ದಿನ ಲಾಗಿನ್ ನಡೀಬೇಕು,” ಎಂದರು ಧಣಿಗಳು. “ನಡೀಲಿಲ್ಲ ಅಂದ್ರೆ ಹೊರಗಿನ ಕಂಪೆನಿಗೆ ಕೊಡ್ತೇನೆ. ನೀವು ಮನೆಯಲ್ಲಿ ಆರಾಮ ಇರಿ.”

ಈ ‘ಆರಾಮ’ ಎಂಬ ಶಬ್ದಕ್ಕೆ ಚಿಕ್ಕಪ್ಪ ಹೆದರಿದಷ್ಟು ಬಿರುಗಾಳಿಗೂ ಹೆದರಿದವರಲ್ಲ. ಆರಾಮ ಇದ್ದು ಮಾಡುವುದಾದರೂ ಎಂತ? ಮನೆಯಲ್ಲಿ ಬಿಚ್ಚದ ಯಂತ್ರ ಒಂದೂ ಉಳಿದಿರಲಿಲ್ಲ.

ಧಣಿಗಳಿಗೆ ಇದೆಲ್ಲ ಹೇಗೆ ನಡೆಯುತ್ತದೆಂದು ಚಿಕ್ಕಪ್ಪ ವಿವರಿಸಿದ್ದು ಒಂದು ಮದುವೆ ಹಾಲಿನಲ್ಲಿ, ಊಟದ ಸರದಿಗೆ ಕಾಯುತ್ತ. ಮೂಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಅಜ್ಜಿಯೊಬ್ಬರನ್ನು ತೋರಿಸಿದರು.

“ಈಗ ಬಾಗಿಲಲ್ಲಿ ಪನ್ನೀರು ಹಾಕ್ತಾ ನಿಂತಿದ್ದಾನಲ್ಲ, ಅವನು ನಮ್ಮ ಆ್ಯಪ್. ಅವನಿಗೆ ಒಬ್ಬರದ್ದೂ ಗುರ್ತ ಇಲ್ಲ. ಯಾರಾದ್ರೂ ಬಂದ್ರೆ ಒಳಗೆ ಓಡಿ ಆ ಅಜ್ಜಿಯನ್ನು ಕೇಳ್ತಾನೆ, ಇವರು ನಮ್ಮವರಾ ಅಂತ. ಅಜ್ಜಿ ಡೈರೆಕ್ಟರಿ, ಎಲ್ಲರ ಪಟ್ಟಿ ಇಟ್ಟುಕೊಂಡ ಸರ್ವರ್. ಅವರಿಗೆ ಎಲ್ಲರ ಮನೆ, ತಾಯಿ, ಅಜ್ಜಿ ಎಲ್ಲ ಗೊತ್ತುಂಟು. ಆದ್ರೆ ಹೊರಗೆ ಹೇಳುದು ಹೌದು ಅಥವಾ ಅಲ್ಲ, ಅಷ್ಟೇ.”

“ಮತ್ತೆ ಪಾಸ್‌ವರ್ಡ್?”

“ಅದು ಅಜ್ಜಿಯ ಕಿವಿಗೆ ಮಾತ್ರ.”

ಧಣಿಗಳು ಅಜ್ಜಿಯ ಬಳಿ ಹೋಗಿ ಭಕ್ತಿಯಿಂದ ಕಾಲು ಮುಟ್ಟಿದರು! ಸರ್ವರ್‌ಗೆ ನಮಸ್ಕಾರ ಮಾಡಿದ ಧಣಿ ಈ ಊರಿನಲ್ಲಿ ಅವರೊಬ್ಬರೇ ಇರಬೇಕು.

ಅದೇ ಅಜ್ಜಿ ಆಮೇಲೆ ನನ್ನನ್ನೂ ಕರೆದು ಕೇಳಿದರು. ನಮ್ಮ ಕಡೆ ಮನುಷ್ಯನ ವಿಳಾಸ ತಾಯಿಯಿಂದ. ಬಳಿ, ಅಂದರೆ ಕುಲದ ಹೆಸರು, ಬರುವುದು ಅಮ್ಮನ ಕಡೆಯಿಂದ; ಮಕ್ಕಳು ಸೇರುವುದು ಅಮ್ಮನ ಮನೆಗೆ. “ಅಮ್ಮ ಎಲ್ಲಿಯವಳು ಮಗಾ?” “ಹುಬ್ಬಳ್ಳಿ.” “ಓ... ಘಟ್ಟದ ಮೇಲಿನವಳು,” ಎಂದ ಅಜ್ಜಿಯ ಕಣ್ಣು ನನ್ನ ಮುಖ ಬಿಟ್ಟು ಐಸ್‌ಕ್ರೀಂ ಕೌಂಟರಿನ ಮೇಲೆ ನಿಂತಿತು. ಅವರದ್ದೇನೂ ತಪ್ಪಿಲ್ಲ. ಹುಡುಕಿದರು, ಸಿಗಲಿಲ್ಲ. ಪಕ್ಕದಲ್ಲಿ ನಿಂತಿದ್ದ ಅಮ್ಮ ಸೆರಗು ಸರಿಮಾಡಿಕೊಂಡಳು. ಮದುವೆಯಾಗಿ ಬಂದಾಗಿನಿಂದ ಇಂಥ ಎಷ್ಟು ಅಜ್ಜಿಯಂದಿರ ಮುಂದೆ ಹಾಗೆ ಸರಿಮಾಡಿಕೊಂಡಿದ್ದಳೋ!

ಡೈರೆಕ್ಟರಿಯೆಂದರೆ ಬುಡ ಮೇಲಾದ ಮರ. ಮೇಲೆ ಕಂಪೆನಿ, ಕೆಳಗೆ ಕೊಂಬೆಗಳು, ಕೊಂಬೆಗೆ ಜನ. ಲೋಕದಲ್ಲಿ ಉಳಿದವರು ವಿಭಾಗಕ್ಕೊಂದು ಕೊಂಬೆ ಮಾಡುತ್ತಾರೆ. ಚಿಕ್ಕಪ್ಪ ತಾಯಿಮನೆಗೊಂದು ಕೊಂಬೆ ಮಾಡಿದರು!

“ಎಂತ ಹುಚ್ಚು ಚಿಕ್ಕಪ್ಪ ಇದು?”

“ಹುಚ್ಚಾ? ಸೀಸನಿನಲ್ಲಿ ಬೆಳಿಗ್ಗೆ ಐಸ್ ಪುಡಿ ಮಾಡಿದವನು ಮಧ್ಯಾಹ್ನ ಟೆಂಪೋ ಬಿಡ್ತಾನೆ, ಸಂಜೆ ಗೇಟಿನಲ್ಲಿ ನಿಲ್ತಾನೆ. ಯಾವ ವಿಭಾಗಕ್ಕೆ ಹಾಕುದು ಅವನನ್ನು? ಗಣೇಶಂದಿರೇ ಎಷ್ಟು ಜನ ಇದ್ದಾರೆ ಅಲ್ಲಿ! ಮನುಷ್ಯನಿಗೆ ಬದಲಾಗದ್ದು ಒಂದೇ, ಹುಟ್ಟಿದ ಮನೆ. ಮರದ ಕೊಂಬೆ ದಿನಾ ಜಾಗ ಬದಲಿಸ್ಲಿಕ್ಕೆ ಉಂಟಾ?”

ಆಮೇಲೆ ತಿಳಿದವರೊಬ್ಬರನ್ನು ಕೇಳಿದೆ. ಬದಲಾಗುವ ವಿಭಾಗಗಳ ಮೇಲೆ ಮರ ಕಟ್ಟಬಾರದು ಎಂಬುದು ಆ ವಿದ್ಯೆಯಲ್ಲಿ ಒಳ್ಳೆಯ ಬುದ್ಧಿಮಾತೇ ಅಂತೆ. ತಾಯಿಮನೆಯ ಮೇಲೆ ಕಟ್ಟಬೇಕೆಂದು ಮಾತ್ರ ಯಾರೂ ಹೇಳಿಲ್ಲವಂತೆ.

ಪ್ರತಿ ಮನೆಯ ಕೊಂಬೆಗೂ ಒಂದು ಚಾವಡಿ, ಬಂದವರನ್ನು ಕೂರಿಸುವ ಮುಂದಿನ ಹಜಾರದ ಹಾಗೆ. ಅಲ್ಲಿ ಆ ಮನೆಯ ಜನ ಸಾಲಾಗಿ ಕೂತಿರುತ್ತಾರೆ. ಆ್ಯಪ್ ಬಂದು ಚಾವಡಿಯಲ್ಲಿ ಇಣುಕಿ ಹುಡುಕುತ್ತದೆ. ಊರಿನವರಲ್ಲದವರಿಗೆ ‘ಘಟ್ಟದ ಮೇಲೆ’ ಎಂಬ ಒಂದು ದೊಡ್ಡ ಕೊಂಬೆ. ಐಸ್ ಹೊರುವ ಒಡಿಶಾದ ಕೆಲಸಗಾರರೂ ಅದರಲ್ಲೇ.

“ಒಡಿಶಾ ಕಡಲಿನ ಬದಿಯಲ್ಲೇ ಉಂಟಲ್ಲ ಚಿಕ್ಕಪ್ಪ?”

“ಇರ್ಲಿ. ಇಲ್ಲಿಂದ ಹೋಗ್ಲಿಕ್ಕೆ ಘಟ್ಟ ಹತ್ತಬೇಕಾ ಬೇಡ್ವಾ?”

ನಾನು ಭೂಗೋಳವನ್ನು ಅಲ್ಲಿಗೇ ಬಿಟ್ಟು ಮೆಟ್ಟಿಲು ಇಳಿದೆ.

ಇನ್ನು ಪಾಸ್‌ವರ್ಡು. ಐಸ್ ಪುಡಿ ಮಾಡುವ ಯಂತ್ರದ ಗದ್ದಲದಲ್ಲಿ ಅಲ್ಲಿ ಎಲ್ಲರೂ ಕೂಗಿಯೇ ಮಾತಾಡುವುದು. ಹಾಗಾಗಿ ಪಾಸ್‌ವರ್ಡನ್ನೂ ಅಂಗಳದ ಆಚೆಯಿಂದ ಈಚೆಗೆ ಕೂಗಿ ಹೇಳುತ್ತಿದ್ದರು, ರಸ್ತೆಯಲ್ಲಿ ಹೋಗುವವರಿಗೂ ಬಾಯಿಪಾಠವಾಗುವಷ್ಟು. ಚಿಕ್ಕಪ್ಪ ಗದರಲಿಲ್ಲ, ನೋಟೀಸು ಅಂಟಿಸಲಿಲ್ಲ. ಎಲ್ಲರನ್ನೂ ಒಬ್ಬೊಬ್ಬರಾಗಿ ಕರೆದು, “ನಿಮ್ಮ ಹೆಂಡತಿ ಸಿಟ್ಟು ಬಂದಾಗ ನಿಮ್ಮನ್ನು ಎಂತ ಹೇಳಿ ಬೈತಾರೋ, ಅದನ್ನೇ ಉದ್ದ ಮಾಡಿ ಹಾಕಿ,” ಎಂದರು. ಅಂದಿನಿಂದ ಅಂಗಳದಲ್ಲಿ ಕೂಗು ಬಂದ್! ಚಿತ್ರಹಿಂಸೆ ಕೊಟ್ಟರೂ ಯಾರೂ ಬಾಯಿ ಬಿಡುವಂತಿರಲಿಲ್ಲ.

ಗೇಟಿನವರೊಬ್ಬರಿಗೆ ಮಾತ್ರ ಮರೆತುಹೋಯಿತು. ಮನೆಗೆ ಫೋನ್ ಮಾಡಿದರು. “ನೀನು ನನ್ನನ್ನು ಎಂತ ಹೇಳಿ ಬೈಯುದು ಮಾರಾಯ್ತಿ?”

ಸ್ಪೀಕರ್ ಆನ್ ಇತ್ತು.

“ಯಾವುದು? ದಿನಕ್ಕೊಂದು ಹೇಳ್ತೇನಲ್ಲ!”

ಎಲ್ಲರ ಲಾಗಿನ್ನನ್ನೂ ಚಿಕ್ಕಪ್ಪ ಮೊದಲೇ ಪರೀಕ್ಷಿಸಿದ್ದರು, ಅಮ್ಮನದ್ದೊಂದು ಬಿಟ್ಟು. ಅಮ್ಮ ಆ ಪರೀಕ್ಷೆಗೆ ಕೂರಲೇ ಇಲ್ಲ. ಮರದ ಸುದ್ದಿ ಕೇಳಿದಂದಿನಿಂದ ಅವಳ ಮನಸ್ಸಿನಲ್ಲೊಂದು ಮುಳ್ಳು. ಅವಳ ಊರಿನಲ್ಲಿ ಚಿಕ್ಕಪ್ಪನಿಗೆ ಕಾಕಾ ಎನ್ನುತ್ತಾರೆ. ನನಗೆ ಏನಾಗಬೇಕೋ ಆ ಲೆಕ್ಕದಲ್ಲಿ ಅವಳೂ ಅವರನ್ನು ಹಾಗೇ ಕರೆಯುವುದು.

“ಕಾಕಾ, ಖರೇ ಹೇಳ್ರಿ. ನನ್ನ ಎಲ್ಲೆ ಹಾಕೀರಿ? ಘಟ್ಟದ ಮ್ಯಾಲಿನವರ ಕೂಡ ಹೌದಲ್ಲೋ?”

“ಎಲ್ಲಿ ಹಾಕಬೇಕೋ ಅಲ್ಲಿ ಹಾಕಿದ್ದೇನೆ ಅತ್ತಿಗೆ. ಒಮ್ಮೆ ಬಂದು ಟೈಪ್ ಮಾಡಿ, ನೋಡುವ.”

“ಎಲ್ಲೆ ಅಂತ ಹೇಳಿದ್ರ ಬರ್ತೇನಿ.”

“ಅದನ್ನೆಲ್ಲ ಹೇಳುದಾ? ಟೈಪ್ ಮಾಡಿದ್ರೆ ಸಾಕು.”

ಅವಳು ಕೇಳುವುದನ್ನು ಬಿಡಲಿಲ್ಲ, ಇವರು ಹೇಳಲಿಲ್ಲ. ನಡುವೆ ನಾನು ಸಾರಿನ ಪಾತ್ರೆ ಹಿಡಿದು ಮೆಟ್ಟಿಲು ಹತ್ತಿ ಇಳಿದೆ.

ಕೊನೆಗೂ ಬೋಟು ಇಳಿಯುವ ದಿನ ಬಂತು. ಆವತ್ತು ಜೋರು ಮಳೆ ಎಂದು ನನ್ನ ನೆನಪು. ಚುರುಚುರು ಬಿಸಿಲೆಂದು ಅಮ್ಮ. ಬೇಕಾದದ್ದು ನೀವೇ ಹಾಕಿಕೊಳ್ಳಿ. ಬಸ್ಸು ತಪ್ಪಿದ್ದರಿಂದ ಅಮ್ಮನನ್ನು ಸ್ಕೂಟರಿನಲ್ಲಿ ಬೈಕಂಪಾಡಿಗೆ ಬಿಟ್ಟು, ತಮಾಷೆ ನೋಡಲು ನಾನೂ ನಿಂತೆ. ಬೋಟು ನಿಲ್ಲುವ ದಕ್ಕೆಗೆ ಐಸ್ ಒಯ್ಯುವ ಟೆಂಪೋಗಳ ಸಾಲು ರಸ್ತೆವರೆಗೆ. ಗೇಟಿನವರು ಲಾಗಿನ್ ಆದರು. ಗಣೇಶಂದಿರು ಒಬ್ಬೊಬ್ಬರಾಗಿ, ಒಬ್ಬನ ಹೆಸರಿಗೆ ಒಬ್ಬ ಸಿಕ್ಕಿಹಾಕಿಕೊಳ್ಳದೆ, ಒಳಗೆ ಹೋದರು. ಧಣಿಗಳ ಮುಖ ಅರಳಿತು. ಚಿಕ್ಕಪ್ಪ ಅಂಗಿಯ ಕಾಲರು ನೇರ ಮಾಡಿಕೊಂಡರು.

ಅಮ್ಮ ಹೆಸರು ಹಾಕಿದಳು. ಪಾಸ್‌ವರ್ಡು ಹಾಕಿದಳು. ಬಿಲ್ ಆಗದೆ ಒಂದು ತುಂಡು ಐಸೂ ಗೇಟು ದಾಟುವಂತಿಲ್ಲ. ಬಿಲ್ ಮಾಡುವ ಅಧಿಕಾರ ಅವಳೊಬ್ಬಳಿಗೇ.

ತಪ್ಪಾದಾಗ ಬರುವ ಸೂಚನೆಗಳನ್ನೆಲ್ಲ ಚಿಕ್ಕಪ್ಪ ತಾವೇ ಕನ್ನಡದಲ್ಲಿ ಬರೆದಿದ್ದರು. ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಮೂಡಿತು:

“ಇಂಥವರು ನಮ್ಮಲ್ಲಿ ಇಲ್ಲ.”

ಅಮ್ಮ ಅದನ್ನು ಓದಿದಳು. ಮತ್ತೊಮ್ಮೆ ಟೈಪ್ ಮಾಡಿದಳು, ನಿಧಾನವಾಗಿ, ಒಂದೊಂದೇ ಅಕ್ಷರ. ಮತ್ತೆ ಅದೇ.

“ಆತು ಬಿಡ್ರಿ ಕಾಕಾ,” ಎಂದಳು. ಕುರ್ಚಿ ಹಿಂದೆ ತಳ್ಳಿ ಎದ್ದು ನಿಂತಳು. “ನೀವು ಬಾಯಿಲೆ ಹೇಳಲಿಲ್ಲ, ಮಷೀನಾದ್ರೂ ಹೇಳ್ತು.”

ಹೊರಗೆ ಟೆಂಪೋದವರು ಹಾರ್ನ್ ಶುರು ಮಾಡಿದರು. ಧಣಿಗಳ ಕೈ ಮೊಬೈಲಿಗೆ ಹೋಯಿತು. ಹೊರಗಿನ ಕಂಪೆನಿಯ ನಂಬರು ಅದರಲ್ಲಿ ಮೊದಲೇ ಇತ್ತೆಂದು ನನಗೆ ಗ್ಯಾರಂಟಿ. ಚಿಕ್ಕಪ್ಪ ತಮ್ಮ ಪರದೆಯ ಮೇಲೆ ಓಡುತ್ತಿದ್ದ ಸಾಲುಗಳನ್ನು ಮೂಗು ತಾಗುವಷ್ಟು ಹತ್ತಿರದಿಂದ ನೋಡಿದರು. ಆಮೇಲೆ ಹಣೆ ಹೊಡೆದುಕೊಂಡರು.

“ತಪ್ಪು ನನ್ನದೇ ಅತ್ತಿಗೆ. ಅದು ಚಾವಡಿಯಲ್ಲಿ ಮಾತ್ರ ಹುಡುಕ್ತಾ ಉಂಟು. ನೀವು ಒಳಗೆ ಇದ್ದೀರಿ.”

“ಒಳಗ ಅಂದ್ರ?”

“ನಮ್ಮ ಅಮ್ಮನ ಮನೆಯಲ್ಲಿ, ಒಳಗಿನ ಕೋಣೆಯಲ್ಲಿ. ಮನೆಯ ಹೆಣ್ಣುಮಕ್ಕಳಿಗೆ ಅಂತ ಒಂದು ಕೋಣೆ ಬೇರೆ ಮಾಡಿದ್ದೆ. ಚಾವಡಿಯಲ್ಲಿ ನಾನೊಬ್ಬನೇ ಇರುದು.”

ಧಣಿಗಳು ಹುಬ್ಬೇರಿಸಿದರು. “ಇಲ್ಲಿ ಕೆಲಸಕ್ಕೆ ಇರುವ ನಿಮ್ಮ ಮನೆಯ ಹೆಣ್ಣು ಅವರೊಬ್ಬರೇ ಅಲ್ವಾ ಮಾರ್ರೆ?”

“ಹೌದು. ಅದಕ್ಕೇ ಮಾಡಿದ್ದು.”

“ಸರಿ, ಸರಿ. ಈಗ ಅವರನ್ನೂ ಎಲ್ಲರ ಹಾಗೆ ಚಾವಡಿಗೆ ತನ್ನಿ. ಎಷ್ಟು ಹೊತ್ತು ಬೇಕು?”

“ಒಂದು ನಿಮಿಷವೂ ಬೇಡ.”

“ಮತ್ತೆ ಮಾಡಿ!”

“ಆಗುದಿಲ್ಲ.”

ಹಾರ್ನುಗಳೂ ಒಮ್ಮೆ ನಿಂತವೆಂದು ನನ್ನ ನೆನಪು ಹೇಳುತ್ತದೆ. ಟೆಂಪೋದವರು ಅಷ್ಟು ಸೂಕ್ಷ್ಮದವರಲ್ಲ, ನಿಂತಿರಲಾರವು.

“ಮನೆಯ ಮಗಳನ್ನು ಬಂದ ನೆಂಟರ ಹಾಗೆ ಚಾವಡಿಯಲ್ಲಿ ಕೂರಿಸ್ಲಿಕ್ಕೆ ನನ್ನಿಂದ ಆಗುದಿಲ್ಲ,” ಎಂದರು ಚಿಕ್ಕಪ್ಪ. “ಹುಡುಕುವವನು ಒಳಗೆ ಬಂದು ಹುಡುಕ್ಲಿ. ಅವನಿಗೆ ಕಲಿಸ್ತೇನೆ. ಆದ್ರೆ ಆ್ಯಪನ್ನು ಒಮ್ಮೆ ನಿಲ್ಲಿಸಿ ಪುನಃ ಶುರು ಮಾಡಬೇಕು. ಈಗ ಲಾಗಿನ್ ಆದವರೆಲ್ಲ ಹೊರಗೆ ಬೀಳ್ತಾರೆ.”

“ಈಗ? ಈ ಸೀಸನಿನ ಬೆಳಿಗ್ಗೆ? ಪುನಃ ಶುರುವಾಗದಿದ್ರೆ?”

“ಆಗದಿದ್ರೆ ನಾನು ಮನೆಯಲ್ಲಿ ಆರಾಮ ಇರ್ತೇನೆ.”

ಆ ಶಬ್ದವನ್ನು ಅವರೇ ಹೇಳಿದ್ದನ್ನು ನಾನು ಮೊದಲ ಸಲ ಕೇಳಿದ್ದು. ಧಣಿಗಳು ಬೇಡವೆನ್ನುವ ಮೊದಲೇ ಕೀಲಿ ಒತ್ತಿಬಿಟ್ಟರು. ಗೇಟಿನಿಂದ “ಹೋಯ್ತು! ಹೋಯ್ತು!” ಎಂಬ ಬೊಬ್ಬೆ. ಗಣೇಶಂದಿರೆಲ್ಲ ಒಟ್ಟಿಗೆ ಹೊರಗೆ. ಪರದೆ ಬೆಳ್ಳಗೆ. ಅದರ ಮಧ್ಯೆ ಒಂದು ಸಣ್ಣ ವೃತ್ತ ಸುತ್ತುತ್ತಿತ್ತು, ಸುತ್ತುತ್ತಲೇ ಇತ್ತು. ಚಿಕ್ಕಪ್ಪ ಮೇಜಿನ ಮೇಲೆ ಬೆರಳಿನಿಂದ ಅದೇ ವೃತ್ತ ಬರೆಯುತ್ತಿದ್ದುದನ್ನು ಕಂಡೆ. ಇದು ನೆನಪಿನ ಕರಾಮತ್ತು ಅಲ್ಲ, ಅಮ್ಮನೂ ಕಂಡಿದ್ದಾಳೆ.

ಪುಟ ತೆರೆಯಿತು.

“ಟೈಪ್ ಮಾಡಿ ಅತ್ತಿಗೆ.”

ಅಮ್ಮ ಕೂತಳು. ಈ ಸಲ ಕೆಂಪು ಅಕ್ಷರ ಬರಲಿಲ್ಲ. “ಬನ್ನಿ” ಎಂದು ಒಂದೇ ಶಬ್ದ ಬಂದು, ಬಿಲ್ಲಿನ ಪುಟ ಬಿಚ್ಚಿಕೊಂಡಿತು. ಮೊದಲ ಟೆಂಪೋ ನೀರು ಸುರಿಸುತ್ತ ಗೇಟು ದಾಟಿತು. ಧಣಿಗಳು ಮೊಬೈಲನ್ನು ಕಿಸೆಗೆ ಹಾಕಿ, ಏನೂ ಆಗದವರಂತೆ, “ಮಧ್ಯಾಹ್ನದ ಮೇಲೆ ನನ್ನ ಪ್ರಿಂಟರ್ ಒಮ್ಮೆ ನೋಡಿ ಮಾರ್ರೆ,” ಎಂದು ಹೊರಟರು. ಚಿಕ್ಕಪ್ಪನ ಕೆಲಸ ಉಳಿಯಿತೆಂದು ತಿಳಿಸುವ ರೀತಿ ಅವರದ್ದು ಅದು.

ಅಮ್ಮ ಏನಾದರೂ ಹೇಳಿದಳೇ? ಅತ್ತಳೇ? ಒಂದು ನೆನಪಿನಲ್ಲಿ ಅತ್ತಿದ್ದಾಳೆ, ಇನ್ನೊಂದರಲ್ಲಿ “ಈ ಕೀಬೋರ್ಡ್ ಒರಸಿ ಎಷ್ಟ್ ದಿನಾ ಆತ್ರಿ?” ಎಂದು ಬೈದಿದ್ದಾಳೆ. ಎರಡನೆಯದೇ ಹೆಚ್ಚು ಅವಳ ಹಾಗಿದೆ.

ಆ ಸಂಜೆ ಸಾರಿನ ಪಾತ್ರೆಯನ್ನು ಅವಳು ನನ್ನ ಕೈಗೆ ಕೊಡಲಿಲ್ಲ. ತಾನೇ ಹಿಡಿದು ಮೆಟ್ಟಿಲು ಹತ್ತಿದಳು. ನಾನು ಕೆಳಗೆ ಸ್ಕೂಟರ್ ಒರಸುತ್ತಿದ್ದೆ. ಬೆಲ್ ಕೇಳಿತು.

“ಯಾರು?”

ಅಮ್ಮ ಪಾತ್ರೆಯ ಮುಚ್ಚಳ ಒತ್ತಿ ಕೂರಿಸಿದ ಸದ್ದು.

“ನಾನು.”

ಇದು ಸ್ವಲ್ಪ ಜಾಸ್ತಿಯೇ ಚಂದವಾಯಿತೆಂದು ನನಗೂ ಗೊತ್ತು. ಅದಕ್ಕೇ ನೋಡಿದೆ ಎಂದು ಹೇಳುತ್ತಿಲ್ಲ. ನಾನಿದ್ದ ಜಾಗದಿಂದ ಬಾಗಿಲು ಕಾಣುವುದಿಲ್ಲ. ಒರಸುವ ಬಟ್ಟೆ ಕೈಯಲ್ಲಿ ಹಿಡಿದುಕೊಂಡು, ಇನ್ನೇನು ಹೆಸರು ಕೇಳುತ್ತಾರೆಂದು ಕಾದೆ. ಕೇಳಲಿಲ್ಲ. ಮೇಲೆ ಚಿಲಕ ಸರಿದ ಸದ್ದು ಮಾತ್ರ ಕೇಳಿಸಿತು.