ಸದ್ದು ಕುಡಿಯುವ ಖಳನಾಯಕನ ವೇಷ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಬರೆದು ನನಗೆ ಅಭ್ಯಾಸ ಇಲ್ಲ. ಹೇಳುವಾಗ ಹಿಂದುಮುಂದಾದರೆ, ಒಂದನ್ನೇ ಎರಡು ಸಲ ಹೇಳಿದರೆ, ಬೇಜಾರು ಮಾಡಿಕೊಳ್ಳಬಾರದು. ನಾನು ಉಡುಪಿಯಲ್ಲಿ ವೇಷಭೂಷಣ ಬಾಡಿಗೆಗೆ ಕೊಡುವ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೇನೆ. ಅಂದರೆ ಕಿರೀಟ, ಗಡ್ಡ, ಗದೆ, ಬಾಲ ಇವನ್ನೆಲ್ಲ ಜನ ಕೊಂಡುಹೋಗಿ ಮರುದಿನ ತಂದುಕೊಡುತ್ತಾರೆ. ಬಾಲ ಮಾತ್ರ ಹೆಚ್ಚಾಗಿ ವಾಪಸು ಬರುವುದಿಲ್ಲ. ಮನುಷ್ಯ ತಾನಲ್ಲದ ಇನ್ನೊಬ್ಬನಾಗಲು ಹೊರಟಲ್ಲೆಲ್ಲ ಎಂತದಾದರೂ ಒಂದು ಆಗುತ್ತಲೇ ಇರುತ್ತದೆ, ಮತ್ತು ಅದು ಕೊನೆಗೆ ನನ್ನ ತಲೆಗೇ ಬರುತ್ತದೆ.

ಕೆಲವು ವರ್ಷಗಳ ಹಿಂದೆ ಮಣಿಪಾಲದ ವಿದ್ಯಾರ್ಥಿಯೊಬ್ಬ ಇಂಗ್ಲಿಷ್ ಕಾಮಿಕ್ಸ್ ಸಿನಿಮಾದ ಸಿಡಿ ಹಿಡಿದುಕೊಂಡು ಬಂದ. ಅದರ ಖಳನಾಯಕನ ವೇಷ ಹಾಸ್ಟೆಲ್ ಕಾರ್ಯಕ್ರಮಕ್ಕೆ ಬೇಕು ಎಂದ. ಆ ಖಳನಾಯಕ ಯಾರೆಂದು ಇಲ್ಲಿ ವಿವರಿಸಲೇಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅವನೊಬ್ಬ ವಿಜ್ಞಾನಿ. ಪ್ರಯೋಗಶಾಲೆಯಲ್ಲಿ ಸ್ಫೋಟವಾಗಿ ಅವನಿಗೆ ಸದ್ದು ಕುಡಿಯುವ ಶಕ್ತಿ ಬರುತ್ತದೆ. ಹಾರ್ನ್ ಹೊಡೆದರೆ ಆ ಸದ್ದು ಕುಡಿದು ಕಾರನ್ನೇ ಎತ್ತುತ್ತಾನೆ. ಅವನ ದೌರ್ಬಲ್ಯ ಮೌನ. ಸುತ್ತ ಸದ್ದೇ ಇಲ್ಲದಿದ್ದರೆ ಮೊಣಕಾಲು ಕುಸಿದು ಬೀಳುತ್ತಾನೆ. ನಾನು ಕಪ್ಪು ರೆಕ್ಸಿನ್‌ನಲ್ಲಿ ಅಂಗಿ ಹೊಲಿದೆ, ಮುಖವಾಡ ಮಾಡಿದೆ, ಎದೆಯ ಮೇಲೆ ಸ್ಪೀಕರಿನ ಹಾಗೆ ಕಾಣಲಿ ಎಂದು ಇಡ್ಲಿ ತಟ್ಟೆ ಕಟ್ಟಿದೆ. ಎಲ್ಲ ಆದ ಮೇಲೆ ಹುಡುಗ ಪರೀಕ್ಷೆ ಬಂತೆಂದು ಮಾಯವಾದ. ವೇಷ ಅಂಗಡಿಯಲ್ಲೇ ಉಳಿಯಿತು.

ರೆಕ್ಸಿನ್ ಹಾಳು ಮಾಡಿದೆ ಎಂದು ಅಂಗಡಿಯ ಧಣಿಗಳು ಬೈಯುತ್ತಾರೆಂಬ ಹೆದರಿಕೆ ಹಿಡಿಯಿತು. ಹೆದರಿಕೆಗೆ ಇನ್ನೊಂದು ಕಾರಣವೂ ಇತ್ತು. ಅದೇ ಸಮಯಕ್ಕೆ ಕಾರ್ಕಳದ ಒಂದು ಮನೆಯ ಹುಡುಗಿಯ ಜೊತೆ ನನ್ನ ಮದುವೆಯ ಮಾತು ನಡೆಯುತ್ತಿತ್ತು. ನೋಡಲು ಹೋದಾಗ ಹುಡುಗಿ ಕೇಳಿದ್ದು ಒಂದೇ ಪ್ರಶ್ನೆ: "ಹುಲಿಯ ಬಾಲ ನೀವೇ ಹೊಲಿಯುವುದಾ?" ಹೌದೆಂದಾಗ ನಕ್ಕಳು. ನನಗೆ ಅಷ್ಟೇ ಸಾಕಾಗಿತ್ತು. ಆದರೆ ಅವಳ ತಂದೆ ಹೈಸ್ಕೂಲಿನ ಹೆಡ್ಮಾಸ್ಟರು. ಅವರು ನಗಲಿಲ್ಲ. "ವೇಷ ಬಾಡಿಗೆಗೆ ಕೊಡುವುದು ಒಂದು ಉದ್ಯೋಗವಾ? ನಾನೇ ಬಂದು ನೋಡಿ ಹೇಳುತ್ತೇನೆ" ಎಂದರು.

೧. ವರ ಕೊಟ್ಟದ್ದು ಯಾರು?

ನಮ್ಮ ಧಣಿಗಳು ಹಳೆಯ ಕಾಲದವರು, ಯಕ್ಷಗಾನದ ಕಿರೀಟ ಕಟ್ಟುತ್ತಲೇ ಮುದುಕರಾದವರು. ವೇಷ ನೋಡಿ ಕೇಳಿದರು, "ಇವನಿಗೆ ವರ ಕೊಟ್ಟದ್ದು ಯಾರು?"

"ವರ ಅಲ್ಲ ಧಣಿ, ಸ್ಫೋಟ ಆದದ್ದು."

"ತಪಸ್ಸು?"

"ಮಾಡಿಲ್ಲ."

"ತಪಸ್ಸು ಮಾಡದೆ ಶಕ್ತಿ ಹೇಗೆ ಬರುತ್ತದೆ ಮಾರಾಯ? ನಮ್ಮ ಅಡುಗೆಯ ಭಟ್ಟರು ಎರಡು ಸಲ ಕುಕ್ಕರ್ ಸಿಡಿಸಿದ್ದಾರೆ. ಈಗಲೂ ತೆಂಗಿನಕಾಯಿ ಒಡೆಯಲಿಕ್ಕೆ ಪಕ್ಕದ ಮನೆಯವರನ್ನು ಕರೆಯುತ್ತಾರೆ."

೨. ಕಾಪುವಿನ ಶಾಲೆಯಲ್ಲಿ

ಧಣಿಗಳ ಬಾಯಿ ಮುಚ್ಚಿಸಬೇಕಲ್ಲ. ಕಾಪುವಿನ ಒಬ್ಬರು ತಾಯಿ ಮಗನ ಛದ್ಮವೇಷ ಸ್ಪರ್ಧೆಗೆಂದು ಬಂದಾಗ ನಾನೇ ಒತ್ತಾಯ ಮಾಡಿ ಅದೇ ವೇಷವನ್ನು ಸಣ್ಣದು ಮಾಡಿ ಕೊಟ್ಟೆ. ಖಳನಾಯಕನ ಶಕ್ತಿ, ದೌರ್ಬಲ್ಯ ಎರಡನ್ನೂ ಹುಡುಗನಿಗೆ ಚೆನ್ನಾಗಿ ವಿವರಿಸಿದೆ. ಅಷ್ಟು ಚೆನ್ನಾಗಿ ವಿವರಿಸಬಾರದಿತ್ತು.

ಹುಡುಗ ವೇದಿಕೆಗೆ ಬಂದ. ಟೀಚರು ಮೈಕಿನಲ್ಲಿ "ಎಲ್ಲರೂ ಸೈಲೆನ್ಸ್!" ಎಂದರು. ಸಭೆ ಗಪ್‌ಚಿಪ್ ಆಯಿತು. ಹುಡುಗ ದಡಾರನೆ ಬಿದ್ದ.

"ಅಯ್ಯೋ ದೇವರೇ, ಮಗುವಿಗೆ ಎಂತ ಆಯ್ತು!" ಎಂದು ತಾಯಿ ಕಿರುಚಿದರು. ಸದ್ದು ಬಂತಲ್ಲ, ಹುಡುಗ ಎದ್ದು ನಿಂತ. ತಾಯಿ ಸಮಾಧಾನವಾಗಿ ಸುಮ್ಮನಾದರು. ಹುಡುಗ ಮತ್ತೆ ಬಿದ್ದ. ಯಾರೋ ನೀರು ತಂದರು, ಯಾರೋ ರಿಕ್ಷಾ ಕರೆಯಲು ಓಡಿದರು. ನಾನು ಹಿಂದಿನಿಂದ "ಚಪ್ಪಾಳೆ ಹೊಡೆಯಿರಿ, ನಿಲ್ಲಿಸಬೇಡಿ!" ಎಂದು ಕೂಗಿದೆ. ಹುಡುಗ ಎದ್ದು ಎರಡೂ ಕೈ ಎತ್ತಿದ. ಅವನನ್ನು ವೇದಿಕೆಯಿಂದ ಇಳಿಸಿ ಮನೆಗೆ ಹೊರಡಿಸುವವರೆಗೂ ಇಡೀ ಸಭೆ ಚಪ್ಪಾಳೆ ಹೊಡೆಯುತ್ತಲೇ ಇತ್ತು.

ಮೊದಲ ಬಹುಮಾನ ಮಾತ್ರ ಮೂಲೆಯಲ್ಲಿ ಸುಮ್ಮನೆ ನಿಂತಿದ್ದ ಮಟ್ಟುಗುಳ್ಳ ಬದನೆಯ ವೇಷಕ್ಕೆ ಹೋಯಿತು.

೩. ಅಳುವ ಮಕ್ಕಳು

ವೇಷವನ್ನು ಮತ್ತೆ ದೊಡ್ಡದು ಮಾಡಿದೆ. ಅಷ್ಟಮಿ ಬಂತು. ಉಡುಪಿಯವರಿಗೆ ಹೇಳಬೇಕಾಗಿಲ್ಲ, ಹೊರಗಿನವರಿಗಾಗಿ ಹೇಳುತ್ತೇನೆ: ಕೃಷ್ಣಾಷ್ಟಮಿಗೆ ನಮ್ಮಲ್ಲಿ ನಾನಾ ವೇಷ ಹಾಕಿದವರು ವಾದ್ಯದವರ ಜೊತೆ ಅಂಗಡಿ ಅಂಗಡಿಗೆ ಬರುತ್ತಾರೆ. ಆ ವರ್ಷ ಆದಿ ಉಡುಪಿಯ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಬಾಗಲಕೋಟೆ ಕಡೆಯ ಒಬ್ಬ ಈ ವೇಷ ಕೇಳಿದ. ಬಾಗಿಲಿಗೆ ಅಡ್ಡ ನಿಂತರೆ ಅಂಗಡಿ ಕತ್ತಲಾಗುವಂಥ ಆಳು. ಊರಿನ ಬಯಲಾಟದಲ್ಲಿ ರಾಕ್ಷಸನ ಪಾತ್ರ ಮಾಡಿದವನು. ಒಮ್ಮೆ ಆರ್ಭಟಿಸಿ ತೋರಿಸಿದ. ಕಪಾಟಿನ ಮೇಲಿದ್ದ ಕಿರೀಟ ಕೆಳಗೆ ಬಿತ್ತು.

ಆದರೆ ಅವನಿಗೊಂದು ದೌರ್ಬಲ್ಯವಿತ್ತು. ಸಿನಿಮಾದಲ್ಲಿ ಇಲ್ಲದ್ದು. ಮಕ್ಕಳು ಅತ್ತರೆ ಅವನಿಗೆ ತಡೆಯುತ್ತಿರಲಿಲ್ಲ. ಆರ್ಭಟಿಸುವುದು, ಮಗು ಅಳುವುದು, ತಕ್ಷಣ ಇವನು ಮುಖವಾಡ ತೆಗೆಯುವುದು: "ಅಳಬ್ಯಾಡ ಪುಟ್ಟಾ, ನಾ ರಾಕ್ಷಸ ಅಲ್ಲ, ಚೀಲಾ ಹೊರೂ ಮನಷ್ಯಾ ಅದೇನಿ." ಆಮೇಲೆ ಸೊಂಟದ ಚೀಲದಿಂದ ಒಂದು ಪೆಪ್ಪರಮಿಂಟು.

"ಹೀಗೆ ಮಾಡಿದರೆ ವೇಷಕ್ಕೆ ಮರ್ಯಾದೆ ಎಂತ ಉಂಟು?" ಎಂದೆ.

"ಏನ್ ಮಾಡ್ಲಿರಿ," ಎಂದ, "ನನ್ನ ನೋಡಿ ನನಗ ಅಂಜಿಕಿ ಬರ್ತೈತಿ, ಕೂಸುಗಳ ಗತಿ ಏನು?"

೪. ಹೆಡ್ಮಾಸ್ಟರು ಬಂದರು

ಮರುದಿನ ವಿಟ್ಲಪಿಂಡಿ, ಅಂದರೆ ಮೊಸರು ಕುಡಿಕೆ ಒಡೆಯುವ ಹಬ್ಬ. ಪೇಟೆಯಲ್ಲಿ ಕಾಲಿಡಲು ಜಾಗವಿಲ್ಲ. ಅದೇ ದಿನ ಕಾರ್ಕಳದಿಂದ ಹೆಡ್ಮಾಸ್ಟರು ಬಂದುಬಿಟ್ಟರು. ಬೆವರು ಒರೆಸಿಕೊಳ್ಳುತ್ತಾ ಒಳಗೆ ಬಂದು ಗೋಡೆಯ ಮುಖವಾಡಗಳಿಗೆ ಬೆನ್ನು ಹಾಕಿ ಕೂತರು. ನನಗೆ ಅದು ಕೋಪದ ಹಾಗೆ ಕಂಡಿತು. ಧಣಿಗಳು ಕುಡಿಯಲು ಬೊಂಡ, ಅಂದರೆ ಎಳನೀರು, ತರಿಸಿದರು. ನಾನು ಉದ್ಯೋಗದ ಬಗ್ಗೆ ವಿವರಿಸತೊಡಗಿದೆ. ಗಡ್ಡದ ಬಗೆಗಳು, ಬಾಲದ ಬಗೆಗಳು, ಯಾವುದಕ್ಕೆ ಯಾವ ಹತ್ತಿ. ಅವರು ಒಂದಕ್ಕೂ ತಲೆಯಾಡಿಸಲಿಲ್ಲ. ಈ ಸಂಬಂಧ ಮುರಿಯಿತು ಎಂದೇ ಅಂದುಕೊಂಡೆ.

ಅಷ್ಟರಲ್ಲಿ ಬಾಗಿಲಲ್ಲಿ ವಾದ್ಯದವರ ತಾಸೆ ಬಡಿಯಿತು. ಅಂಗಡಿ ಕತ್ತಲಾಯಿತು. ನಮ್ಮ ಖಳನಾಯಕ ಒಳಗೆ ನುಗ್ಗಿ, ವೇಷದ ಮರ್ಯಾದೆ ಉಳಿಸಬೇಕೆಂದೇ ಇರಬೇಕು, ಜೀವಮಾನದ ಆರ್ಭಟ ಆರ್ಭಟಿಸಿದ.

ತಿರುಗಿ ನೋಡುತ್ತೇನೆ, ಕುರ್ಚಿ ಖಾಲಿ. ಬೊಂಡ ನೆಲದ ಮೇಲೆ. ಕಾರ್ಕಳದ ಮಕ್ಕಳೆಲ್ಲ ಹೆದರುವ ಹೆಡ್ಮಾಸ್ಟರು ತೂಗುಹಾಕಿದ್ದ ಹುಲಿವೇಷದ ಚರ್ಮಗಳ ಹಿಂದೆ ಹೊಕ್ಕು, ಎರಡೂ ಕಣ್ಣು ಮುಚ್ಚಿ, "ಕಳಿಸು ಮಾರಾಯ, ಅವನನ್ನು ಕಳಿಸು, ನನಗೆ ಸಣ್ಣದರಿಂದ ವೇಷ ಕಂಡರೆ ಆಗುವುದಿಲ್ಲ!" ಎನ್ನುತ್ತಿದ್ದರು. ಕೆನ್ನೆಯ ಮೇಲೆ ನೀರು.

ಅಳು ಕಂಡ ಮೇಲೆ ನಮ್ಮವನು ನಿಲ್ಲುತ್ತಾನಾ? ಮುಖವಾಡ ಕಿತ್ತು ಎಸೆದು, ಅವರ ಎದುರು ಮೊಣಕಾಲೂರಿ ಕೂತು, ತಲೆ ಸವರತೊಡಗಿದ. "ಅಳಬ್ಯಾಡ್ರಿ ಯಪ್ಪಾ, ನಾ ರಾಕ್ಷಸ ಅಲ್ಲ, ಚೀಲಾ ಹೊರೂ ಮನಷ್ಯಾ ಅದೇನಿ. ತಗೋರಿ, ಬಾಯಾಗ ಹಾಕ್ಕೋರಿ."

ಹೆಡ್ಮಾಸ್ಟರು ಹಾಕಿಕೊಂಡರು. ಸ್ವಲ್ಪ ಹೊತ್ತು ಚೀಪಿದರು. ಆಮೇಲೆ ಹುಲಿ ಚರ್ಮಗಳ ನಡುವಿನಿಂದಲೇ ನನ್ನನ್ನು ನೋಡಿ ಕೇಳಿದರು, "ಇದು ಹೊರಗೆ ಯಾರಿಗಾದರೂ ಹೇಳುತ್ತೀಯಾ?"

"ಇಲ್ಲ ಸರ್."

"ಸರ್ ಅಲ್ಲ, ಮಾವ ಅನ್ನು. ಧಣಿಗಳೇ, ಮದುವೆಗೆ ದಿನ ನೋಡುವ."

ಹಾಗೆ ಆಯಿತು. ಈಗ ನೀವು ಕೇಳಬಹುದು, ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟವನು ಇದನ್ನು ಬರೆಯಬಹುದಾ ಎಂದು. ಅದಕ್ಕೆ ನನ್ನ ವಿವರಣೆ ಉಂಟು. ಹೇಳುವುದು ಬೇರೆ, ಬರೆಯುವುದು ಬೇರೆ. ಹೇಳಿದರೆ ಅವರು ಕೇಳಿಸಿಕೊಳ್ಳಬಹುದು. ಬರೆದರೆ, ಮಾವನಿಗೆ ಕನ್ನಡಕ ಇಲ್ಲದೆ ಓದಲಿಕ್ಕೆ ಆಗುವುದಿಲ್ಲ, ಆ ಕನ್ನಡಕ ಬೆಳಿಗ್ಗೆಯಿಂದ ಸಿಗುತ್ತಿಲ್ಲ, ಏಕೆಂದರೆ ಅದನ್ನು ನಾನೇ ಹುಲಿವೇಷದ ತಲೆಯ ಒಳಗೆ...

ತಡೆಯಿರಿ, ಮಾವ ಕರೆಯುತ್ತಿದ್ದಾರೆ. ಬಂದೆ ಮಾವ!