ಭಾವನ ರೂಟರ್ ಬರೆದ ದಿನಚರಿ

ಇವತ್ತು ನಲ್ಲಿ ನೀರು ಹಿಡಿದೆ, ಎರಡು ಸೇರು ಶೇಂಗಾ ಸುಲಿದೆ, ಹರಿದ ಕೈಚೀಲಕ್ಕೆ ಹೊಲಿಗೆ ಹಾಕಿದೆ, ಮಧ್ಯಾಹ್ನ ಭಾವನ ಜೊತೆ ಅರ್ಧ ತಾಸು ಬಾಗಿಲ ಹಿಂದೆ ಅಡಗಿ ಕುಳಿತೆ.

ಭಾವ ಎಂದರೆ ಅಕ್ಕನ ಗಂಡ. ಮನುಷ್ಯರಿಗಿಂತ ಯಂತ್ರಗಳನ್ನು ಹೆಚ್ಚು ನಂಬುವವರು ಕೊಟ್ಟೂರಿನಲ್ಲಿ ಇನ್ನೊಬ್ಬರಿದ್ದರೆ ತೋರಿಸಿ! ಯಂತ್ರಗಳಿಗೆ ಬಹುವಚನ, ನನಗೆ ‘ಲೇ’. ಅಕ್ಕಪಕ್ಕದ ಓಣಿಗಳ ನಲವತ್ತು ಮನೆಗಳಿಗೆ ಇಂಟರ್ನೆಟ್ ಕೊಡುವುದು ಅವರ ಕಸುಬು. ಅದಕ್ಕೆಲ್ಲ ಮೂಲವಾದ ರೂಟರ್ ಇರುವುದು ಅವರ ಪಡಸಾಲೆಯ ಗೂಡಿನಲ್ಲಿ. ಅದು ಕೆಲವು ದಿನಗಳಿಂದ ಮಧ್ಯಾಹ್ನ ಐದು ನಿಮಿಷ ಪ್ರಾಣ ಬಿಡುತ್ತಿತ್ತು. ಭಾವ ಎಲ್ಲಿದ್ದರೂ ಬೈಕ್ ಹತ್ತಿ ಓಡಿಬರುವರು. ಬಂದು ನೋಡಿದರೆ ದೀಪಗಳೆಲ್ಲ ಉರಿಯುತ್ತಿರುತ್ತವೆ. “ಯಾಕ್ರಿ, ಎಲ್ಲಿ ಹೋಗಿದ್ರಿ?” ಎಂದು ಅದನ್ನೇ ಕೇಳಿ, ಬಂದ ತಪ್ಪಿಗೆ ಉಂಡು ಹೋಗುವರು. ಕೊನೆಗೆ ಓಣಿಯವರು, ಸೋಮವಾರದೊಳಗೆ ಸರಿಯಾಗದಿದ್ದರೆ ಬೇರೆ ಕಂಪನಿಗೆ ಹೋಗುತ್ತೇವೆ ಎಂದುಬಿಟ್ಟರು. ಭಾವನ ಕಸುಬಿಗೇ ಸಂಚಕಾರ.

ರೂಟರ್ ತನಗೆ ಏನೇನಾಯಿತೆಂದು ದಿನಚರಿ ಬರೆಯುತ್ತದೆ. ಅದೇ ಲಾಗ್. ಆದರೆ ಒಮ್ಮೆ ಆರಿದರೆ ಬರೆದದ್ದೆಲ್ಲ ಮರೆತುಬಿಡುತ್ತದೆ. ಆದ್ದರಿಂದ ಬರೆದ ಸಾಲನ್ನು ಆಗಿಂದಾಗಲೇ ಇನ್ನೊಂದು ಕಂಪ್ಯೂಟರಿಗೆ ಕಳಿಸುವಂತೆ ಹೇಳಿಡಬೇಕು. ಭಾವ ಹಳೆಯ ಕಂಪ್ಯೂಟರೊಂದನ್ನು ಜೋಳದ ಚೀಲದ ಪಕ್ಕ ಕೂರಿಸಿ, ಸರ್ವರ್ ಎಂದು ಕರೆದು, ಊದುಬತ್ತಿ ಬೆಳಗಿದರು. ರೂಟರಿನ ಸೆಟ್ಟಿಂಗಿನಲ್ಲಿ ವಿಳಾಸ ತುಂಬಿದರು. ಸಂಜೆಯವರೆಗೆ ಒಂದು ಸಾಲೂ ಬರಲಿಲ್ಲ. ಸರ್ವರಿನ ವಿಳಾಸದ ಜಾಗದಲ್ಲಿ ರೂಟರಿನದೇ ವಿಳಾಸ ಹಾಕಿದ್ದರು!

“ತಾನ ಕಾಗದ ಬರದು ತನ್ನ ಮನಿಗೇ ಹಾಕ್ಕೊಂಡೈತಲ್ಲ ಭಾವ,” ಅಂದೆ.

“ಲೇ, ಅವರಿಗೇನೂ ಅನಬ್ಯಾಡ. ತಪ್ಪು ನಂದು.”

ವಿಳಾಸ ತಿದ್ದಿದರು. ಸಣ್ಣದು ದೊಡ್ಡದು ಎಲ್ಲ ಸುದ್ದಿಯೂ ಬರಲಿ ಎಂದದ್ದರಿಂದ ಒಂದೇ ದಿನಕ್ಕೆ ಸಾವಿರಾರು ಸಾಲು. ಭಾವ ಕನ್ನಡಕ ಏರಿಸಿ ಒಂದೊಂದನ್ನೂ ಓದಿದರು. ಮುಖ್ಯವಾದದ್ದಷ್ಟೇ ಸಾಕು ಎಂದು ನಾನೇ ಬದಲಿಸಿದ ಮೇಲೆ ಒಂದು ಸಾಲು ಉಳಿಯಿತು: ಬೆಳಿಗ್ಗೆ ಏಳೂವರೆಗೆ ರೂಟರ್ ಹೊಸದಾಗಿ ಶುರುವಾಗಿದೆ.

“ಭಾವ, ನೆಟ್ ಹೋಗಾದು ಮಧ್ಯಾಹ್ನ.”

“ನಾವು ತಪ್ಪು ನೋಡೀವಿ. ಲಾಗ್ ಸುಳ್ಳು ಹೇಳಂಗಿಲ್ಲ.”

ಮರುದಿನ ಏಳು ಗಂಟೆಗೇ ಗೂಡಿನ ಮುಂದೆ ಕಾವಲು ಕೂತರು. ಏನೂ ಆಗಲಿಲ್ಲ. ನಾನು ನನ್ನ ದಿನಚರಿ ಪುಸ್ತಕ ತಂದು ತೋರಿಸಿದೆ: ಹಿಂದಿನ ದಿನ ಒಂದು ಗಂಟೆಗೆ ನೆಟ್ ಹೋಗಿದೆ. ಸರ್ವರಿನ ಗಡಿಯಾರ ಪರದೇಶದ ವೇಳೆಯಲ್ಲಿತ್ತು, ನಮಗಿಂತ ಐದೂವರೆ ತಾಸು ಹಿಂದೆ. ಏಳೂವರೆಗೆ ಅದನ್ನು ಕೂಡಿದರೆ ಸರಿಯಾಗಿ ಒಂದು! ಇನ್ನೂ ಒಂದು ಮಾತು. ಅದೇ ಮನೆಯ ಸರ್ವರ್ ಆರದೆ ನಡೆದಿದೆ, ಅಂದರೆ ಕರೆಂಟ್ ಹೋಗಿಲ್ಲ. ಯಾರೋ ಸ್ವಿಚ್ ಒತ್ತುತ್ತಿದ್ದಾರೆ.

ಇವತ್ತು ಭಾವನ ಬೈಕನ್ನು ನಮ್ಮ ಮನೆಯಲ್ಲಿ ಬಿಟ್ಟು, ಇಬ್ಬರೂ ಅವರ ಪಡಸಾಲೆಯ ಪಕ್ಕದ ಕೋಣೆಯ ಬಾಗಿಲ ಹಿಂದೆ ಕೂತೆವು. ಒಂದಕ್ಕೆ ಅಕ್ಕ ಸೆರಗಿಗೆ ಕೈ ಒರೆಸುತ್ತ ಬಂದು ಫೋನ್ ಹಚ್ಚಿದಳು. ಭಾವನ ಜೇಬಿನಲ್ಲಿ ಅವರ ಫೋನ್ ನಡುಗಿತು. ಭಾವ ರೂಢಿಯಂತೆ ಎತ್ತಲಿಲ್ಲ. ಅಕ್ಕ ರೂಟರಿನ ಸ್ವಿಚ್ ಆರಿಸಿ, ಮತ್ತೆ ಹಚ್ಚಿ, ರೊಟ್ಟಿ ಬಡಿಯಲು ಹೊರಟಳು.

ಭಾವ ಹೊರಗೆ ಬಂದರು. “ನಲವತ್ತು ಮನಿ ಕೈಬಿಟ್ಟು ಹೊಂಟಾವು, ಗೊತ್ತೈತೇನು?”

ಅಕ್ಕ ಬೆಚ್ಚಲಿಲ್ಲ. “ನೀವು ಹೇಳಿದ್ರ ತಾನ ಗೊತ್ತಾಗಾದು? ಹ್ವಾದ ತಿಂಗಳು ಸಕ್ಕರಿ ಬ್ಯಾನಿ ಗುಳಗಿ ನುಂಗಿ, ಊಟ ಬಿಟ್ಟು, ತಲಿ ತಿರುಗಿ ಏಣಿ ಮ್ಯಾಲಿಂದ ಬಿದ್ರಿ. ಫೋನ್ ಮಾಡಿದ್ರ ಎತ್ತಂಗಿಲ್ಲ. ಇದನ್ನ ಆರಿಸಿದ್ರ ಓಡಿ ಬರ್ತೀರಿ.”



“ನಾಳಿಂದ ಒಂದಕ್ಕ ಬರ್ತೀನಿ. ಆರಿಸಬ್ಯಾಡ.”

“ಬರದಿದ್ರ?”

“ಬರದಿದ್ರ ಆರಿಸು.”

ದೋಷ ಸಿಕ್ಕಿತು, ಇನ್ನು ನೆಟ್ ಹೋಗುವುದಿಲ್ಲ ಎಂದು ನಲವತ್ತು ಮನೆಗಳಿಗೂ ಸುದ್ದಿ ಕಳಿಸಿದರು. ಆಗಲಿ ಎಂದು ಒಬ್ಬೊಬ್ಬರಾಗಿ ಉತ್ತರ ಕೊಟ್ಟರು. ಆಮೇಲೆ ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಗುರೆಳ್ಳು ಚಟ್ನಿ. ಯಾವಾಗಲೂ ಕೊನೆಗೆ ಉಣ್ಣುವ ಅಕ್ಕ ಇವತ್ತು ನಮ್ಮ ಜೊತೆಗೇ ಕೂತಳು. ಉಂಡು ಗೋಡೆಗೆ ಒರಗಿದವಳು ಎಲ್ಲರಿಗಿಂತ ಮೊದಲು ನಿದ್ದೆ ಹೋದಳು. ಭಾವ ಫೋನಿನ ಸದ್ದು ಅಡಗಿಸಿ, ತಾಟುಗಳನ್ನು ಸಪ್ಪಳವಾಗದಂತೆ ಒಂದೊಂದಾಗಿ ಒಳಗೆ ಒಯ್ದರು.